ಲಕ್ಕಮ್ಮ ಮರಳಿಸಿದ ಅಕ್ಕಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ರಾಟಿಯ ಮುಂದೆ ಕೂತು ನೂಲುತ್ತಿದ್ದ ಕದಿರ ರೆಮ್ಮವ್ವೆ ವಚನ ಹೇಳಿದಳು. ಕೊಟ್ಟಣ ಕುಟ್ಟುತ್ತಿದ್ದ ಸೋಮಮ್ಮ ಹೇಳಿದಳು. ಶರಣರ ಮನೆಯಂಗಳ ಗುಡಿಸುತ್ತಿದ್ದ ಸತ್ಯಕ್ಕ ಹೇಳಿದಳು, ಊರು ಮೂಲೆಗೆ ನೂಕಿದ್ದ ಸಂಕವ್ವೆ ಹೇಳಿದಳು. ಹೀಗೆ ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮ್ಮ ಪಾಲಿಗೆ ಉಳಿದಿವೆ. ಅವು ಸುಮ್ಮನೆ ಉಳಿಯಲಿಲ್ಲ. ಯಾರೋ ಓಲೆಗರಿಯ ಮೇಲೆ ಕಂಟ ಹಿಡಿದು ಬರೆದರು. ಕಲ್ಯಾಣ ಕದಡಿದಾಗ ಯಾರೋ ಆ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ನಡೆದರು. ನೂರಾರು ವರ್ಷ ಅವು ಮನೆ ಮನೆಯ ಜಗುಲಿಯಲ್ಲಿ ವಿಭೂತಿ ಹಚ್ಚಿಸಿಕೊಂಡು ಪೂಜೆಗೊಂಡವು. ಕೊನೆಗೆ ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಆ ಗರಿಗಳನ್ನು ಹುಡುಕುತ್ತ ಊರೂರು ತಿರುಗಿದರು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಅಚ್ಚು ಹಾಕಿಸಿದರು.

ಆ ವಚನಗಳ ಪುಸ್ತಕವನ್ನು ಇವತ್ತು ನಮ್ಮ ಭಾಗದ ತಾಯಿಯೊಬ್ಬಳ ಕೈಗೆ ಕೊಡಿ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ. ಅದರೊಳಗಿನ ಎಷ್ಟೋ ವಚನಗಳನ್ನು ಬಾಯಲ್ಲಿ ತಪ್ಪಿಲ್ಲದೆ ಹೇಳುತ್ತಾಳೆ, ಭಜನೆಯಲ್ಲಿ ಹಾಡುತ್ತಾಳೆ. ತೆರೆದ ಪುಟದಲ್ಲಿ ಅದೇ ವಚನ ಎಲ್ಲಿದೆ ಎಂದು ಕೇಳಿದರೆ ಮಾತ್ರ ಮಗನ ಮುಖ ನೋಡುತ್ತಾಳೆ. ನೂಲುವವಳ, ಕುಟ್ಟುವವಳ ಮಾತು ಪುಸ್ತಕವಾಯಿತು. ಇಂದಿನ ನೂಲುವವಳು, ಕುಟ್ಟುವವಳು, ಕಳೆ ತೆಗೆಯುವವಳು ಆ ಪುಸ್ತಕದ ಹೊರಗೇ ಉಳಿದಳು. ಇವತ್ತಿನ ಅನುಭಾವದಲ್ಲಿ ನಾನು ಈ ಒಂದು ವಿಷಯವನ್ನೇ ಹಿಡಿದು ಮಾತಾಡಬೇಕೆಂದಿದ್ದೇನೆ.

ಸೆಪ್ಟೆಂಬರ್ 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ. 1966ರಲ್ಲಿ ಯುನೆಸ್ಕೊ ಗೊತ್ತುಮಾಡಿದ ದಿನ. ಮಕ್ಕಳು ಜಾಥಾ ಹೋಗುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ. ಜಗತ್ತಿನಲ್ಲಿ ಓದು ಬರಹ ಬಾರದ ವಯಸ್ಕರು ಇನ್ನೂ ಸುಮಾರು 75 ಕೋಟಿ ಇದ್ದಾರೆ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳು ಎಂದು ಭಾಷಣವಾಗುತ್ತದೆ. ಅಷ್ಟು ದೊಡ್ಡ ಲೆಕ್ಕ ಯಾರ ಮನಸ್ಸಿಗೂ ಹತ್ತುವುದಿಲ್ಲ. ನಮ್ಮ ನೆಲದ ಲೆಕ್ಕ ಹೇಳುತ್ತೇನೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ 88ರ ಮೇಲಿತ್ತು. ಯಾದಗಿರಿಯದು ಶೇ 52ರ ಆಸುಪಾಸು, ರಾಜ್ಯದಲ್ಲೇ ಕಟ್ಟಕಡೆಯದು. ಯಾದಗಿರಿಯ ಹೆಣ್ಣುಮಕ್ಕಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಕ್ಷರವಿಲ್ಲ. ಆ ಲೆಕ್ಕದಲ್ಲಿ ಏಳು ವರ್ಷ ದಾಟಿದ ಶಾಲೆಯ ಹುಡುಗಿಯರೂ ಸೇರಿದ್ದಾರೆ. ಅವರನ್ನು ಬದಿಗಿಟ್ಟು ತಾಯಂದಿರನ್ನು, ಅಜ್ಜಿಯರನ್ನು ಮಾತ್ರ ಎಣಿಸಿದರೆ ಏನು ಉಳಿಯುತ್ತದೆ, ನೀವೇ ಯೋಚಿಸಿ.

ಅಕ್ಷರವಿಲ್ಲದವಳ ದಿನ ಹೇಗಿರುತ್ತದೆಂದು ಓದಿದವರು ಒಮ್ಮೆ ಅವಳ ಪಕ್ಕದಲ್ಲಿ ನಡೆದು ನೋಡಬೇಕು. ಸರ್ಕಾರ 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿತು, ಬಹಳ ಒಳ್ಳೆಯದು. ಅವಳು ನಿಲ್ದಾಣದಲ್ಲಿ ನಿಂತು ಬರುವ ಬಸ್ಸಿಗೆಲ್ಲ ‘ಇದು ಶಹಾಪುರಕ್ಕ ಹೋಗತೈತೇನ್ರೀ’ ಎಂದು ಕೇಳುತ್ತಾಳೆ, ಅವಸರದಲ್ಲಿರುವವರು ಉತ್ತರಿಸದೆ ಹತ್ತುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಅವಳದೇ ಖಾತೆಗೆ ಬರುತ್ತದೆ. ಬಂದಿತೋ ಇಲ್ಲವೋ ಎಂದು ಮೊಬೈಲಿನ ಸಂದೇಶ ನೋಡಿ ಹೇಳುವವನು ಮಗ. ಅವನು ಬಂದಿಲ್ಲ ಎಂದರೆ ಬಂದಿಲ್ಲ. ದವಾಖಾನೆಯಲ್ಲಿ ಕೊಟ್ಟ ಎರಡು ಬಗೆಯ ಗುಳಿಗೆಗಳಲ್ಲಿ ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು ಎಂಬುದನ್ನು ಬಣ್ಣದಿಂದ ನೆನಪಿಡುತ್ತಾಳೆ. ಮುಂದಿನ ಸಲ ಕಂಪನಿ ಬದಲಾಗಿ ಬಣ್ಣವೂ ಬದಲಾಗಿರುತ್ತದೆ. ಸಂಘದ ಸಾಲಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಮೇಲೆ ಬರೆದ ಮೊತ್ತ ಎಷ್ಟೆಂಬುದು ಬರೆದವರಿಗೆ ಗೊತ್ತು, ಶಿವನಿಗೆ ಗೊತ್ತು. ತನ್ನ ಬೆವರಿನ ಲೆಕ್ಕವನ್ನು ಜೀವಮಾನವೆಲ್ಲ ಇನ್ನೊಬ್ಬರ ಬಾಯಿಂದಲೇ ಕೇಳಬೇಕಾದ ಸ್ಥಿತಿ ಅದು. ಕಾಯಕವನ್ನು ಅಷ್ಟು ಎತ್ತರಕ್ಕೇರಿಸಿದ ಪರಂಪರೆಯಲ್ಲಿ ನಿಂತು ಇದನ್ನು ನೋಡಿ ಸುಮ್ಮನಿರುವುದು ನಮಗೆ ಸಲ್ಲದು.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಉಡಿಯಲ್ಲಿ ತುಂಬಿ ತಂದ. ಹೆಂಡತಿ ಲಕ್ಕಮ್ಮ ನೋಡಿದಳು. ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚಾಯಿತು, ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಕದ್ದಿರಲಿಲ್ಲ, ಯಾರಿಂದಲೂ ಕಿತ್ತುಕೊಂಡಿರಲಿಲ್ಲ. ಆದರೂ ಲಕ್ಕಮ್ಮನ ಕಣ್ಣಿಗೆ ಅದು ತಮ್ಮದಾಗಿರಲಿಲ್ಲ. ಪಾಲಿಗಿಂತ ಹೆಚ್ಚು ಬಂದದ್ದರಲ್ಲಿ ಇನ್ನೊಬ್ಬರ ಪಾಲು ಇದ್ದೇ ಇರುತ್ತದೆ ಎಂಬುದು ಅವಳ ಧರ್ಮ.

ಈ ಕಥೆಯನ್ನು ನಾವು ಅನ್ನದ ಬಗ್ಗೆ, ಹಣದ ಬಗ್ಗೆ ಹೇಳುತ್ತ ಬಂದಿದ್ದೇವೆ. ನಾನು ಇವತ್ತು ಅದನ್ನು ಅಕ್ಷರದ ಬಗ್ಗೆ ಹೇಳುತ್ತೇನೆ. ಈ ಸಭೆಯಲ್ಲಿ ಕೂತಿರುವ ಓದಿದವರು, ಅಂದರೆ ಮಾಸ್ತರರು, ಗುಮಾಸ್ತರು, ಎಂಜಿನಿಯರುಗಳು, ವಕೀಲರು, ಒಂದು ಗಳಿಗೆ ನಿಮ್ಮ ಮನೆಯನ್ನು ನೆನೆಸಿಕೊಳ್ಳಿ. ನೀವು ಶಾಲೆಗೆ ಹೋದ ವರ್ಷಗಳಲ್ಲಿ ಅಕ್ಕ ಎಲ್ಲಿದ್ದಳು? ತಮ್ಮನನ್ನು ಸೊಂಟಕ್ಕೆತ್ತಿಕೊಂಡು ಮನೆಯಲ್ಲಿದ್ದಳು. ಅವ್ವ ಎಲ್ಲಿದ್ದಳು? ಪರರ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದಳು. ಆ ಕೂಲಿಯಿಂದ ನಿಮ್ಮ ಪರೀಕ್ಷೆಯ ಫೀಜು ಕಟ್ಟಿದಳು. ಒಂದು ಮನೆಗೆ ಬರಬೇಕಿದ್ದ ಅಕ್ಷರವೆಲ್ಲ ಒಬ್ಬ ಮಗನ ಉಡಿಗೆ ಬಿತ್ತು. ಮಾರಯ್ಯನಂತೆ ನೀವೂ ಕದ್ದವರಲ್ಲ. ಹೆಚ್ಚಿಗೆ ಬಂದ ಅಕ್ಕಿ ಮಾತ್ರ ನಿಮ್ಮ ಉಡಿಯಲ್ಲೇ ಇದೆ.

ಮಠಗಳ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಈ ನಾಡಿನ ಮಠಗಳು ಬಡ ಮಕ್ಕಳಿಗೆ ಊಟ ಕೊಟ್ಟು, ಹಾಸಲು ಹೊದೆಯಲು ಕೊಟ್ಟು ಓದಿಸಿವೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳನ್ನು ಜಾತಿ ಕೇಳದೆ ಸಾಕಿ ಓದಿಸಿದರು. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ, ಕನ್ನಡ ಕಲಿಸುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಪುಣ್ಯ ಸಣ್ಣದಲ್ಲ. ಆ ಮಠಗಳ ಪ್ರಸಾದ ನಿಲಯಗಳಿಗೆ ಮಗನನ್ನು ಕಳಿಸಿದ ತಾಯಿ ಮಾತ್ರ ಬಾಗಿಲಲ್ಲೇ ನಿಂತು ಊರಿಗೆ ಮರಳಿದಳು. ಮಕ್ಕಳ ಶಿಕ್ಷಣ ಸರಿಹೋದರೆ ದೊಡ್ಡವರ ನಿರಕ್ಷರತೆ ತಾನಾಗಿ ತೀರುತ್ತದೆ ಎಂದು ಬಡ ದೇಶಗಳ ಸರ್ಕಾರಗಳು ನಂಬಿದ್ದೂ ಹೀಗೆಯೇ. ತೀರುತ್ತದೆ, ನಿಜ. ಆ ತಾಯಂದಿರೆಲ್ಲ ತೀರಿಕೊಂಡ ಮೇಲೆ ತೀರುತ್ತದೆ. ಅಂಥ ಲೆಕ್ಕಾಚಾರವನ್ನು ಸರ್ಕಾರ ಮಾಡಿದರೂ ಧರ್ಮ ಒಪ್ಪಬಾರದು.

ವಯಸ್ಸಿನ ಮಾತು ಬರುತ್ತದೆ, ನನಗೆ ಗೊತ್ತು. ‘ನಾಳೆ ಸಾಯೋಕಿಗಿ ಇವತ್ತು ಸಾಲಿ ಯಾಕ್ರೀ ಯಪ್ಪಾ’ ಎಂದು ಎಷ್ಟೋ ಅಜ್ಜಿಯರು ಕೇಳುತ್ತಾರೆ. ಕೇರಳದ ಆಲಪ್ಪುಳ ಜಿಲ್ಲೆಯಲ್ಲಿ ಕಾರ್ತ್ಯಾಯನಿ ಅಮ್ಮ ಎಂಬ ತಾಯಿ 2018ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಗೆ ಕೂತು ನೂರಕ್ಕೆ 98 ಅಂಕ ತೆಗೆದುಕೊಂಡರು. ಗುಡಿ ಗುಡಿಸಿ, ಪರರ ಮನೆ ಕೆಲಸ ಮಾಡಿ ಮಕ್ಕಳನ್ನು ಸಾಕಿದ ತಾಯಿ ಅವರು. ಸಾಯುವ ಮುಂಚೆ ಇಷ್ಟಲಿಂಗ ಪೂಜೆ ಬಿಡುತ್ತೀರಾ ಎಂದು ನಿಮ್ಮನ್ನು ಕೇಳಿದರೆ ಬಿಡುವುದಿಲ್ಲ ಎನ್ನುತ್ತೀರಿ. ಅರಿವಿನ ದಾರಿಗೂ ಅದೇ ಉತ್ತರ ಕೊಡಿ.

ಇನ್ನು ಕಲಿಸುವ ಬಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಶುರುವಾದ ಎಷ್ಟೋ ರಾತ್ರಿ ಶಾಲೆಗಳು ಇಲ್ಲಿಯೇ ಮುರಿದುಬಿದ್ದಿವೆ. ಐವತ್ತು ವರ್ಷದ ಹೆಂಗಸನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿ, ಕೈಯಲ್ಲಿ ಕೋಲು ಹಿಡಿದು, ಅ ಆ ಇ ಈ ಎಂದು ಐವತ್ತು ಅಕ್ಷರ ಉರು ಹೊಡೆಸಿದರೆ ಅವಳು ಎರಡು ವಾರ ಬರುತ್ತಾಳೆ, ಮೂರನೆಯ ವಾರ ತಲೆನೋವು ಎನ್ನುತ್ತಾಳೆ. ಬೀಜದ ಲೆಕ್ಕ, ಬಡ್ಡಿಯ ಲೆಕ್ಕ, ಹತ್ತು ಮನೆಯ ಬಾಣಂತನದ ಲೆಕ್ಕ ಅವಳ ತಲೆಯಲ್ಲಿದೆ. ಅವಳನ್ನು ಏನೂ ತಿಳಿಯದವಳೆಂದು ಕೂರಿಸಿದರೆ ಅದು ಅವಮಾನ, ಮತ್ತು ಆ ಅವಮಾನ ಅವಳಿಗೆ ತಕ್ಷಣ ತಿಳಿಯುತ್ತದೆ.

ಬ್ರೆಜಿಲಿನ ಪಾಲೊ ಫ್ರೇರೆ ಇದನ್ನು ಚೆನ್ನಾಗಿ ಅರಿತಿದ್ದರು. 1963ರಲ್ಲಿ ಆಂಜಿಕೋಸ್ ಎಂಬ ಸಣ್ಣ ಊರಿನಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ, ರೈತರಿಗೆ ಸುಮಾರು 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಕೆಲಸ ನಡೆಸಿದರು. ಅವರು ವರ್ಣಮಾಲೆಯಿಂದ ಹೊರಡಲಿಲ್ಲ. ಮೊದಲು ಜನರ ನಡುವೆ ಕೂತು ಅವರ ಬಾಯಲ್ಲಿ ಸದಾ ಬರುವ ಮಾತುಗಳನ್ನು ಕೇಳಿಸಿಕೊಂಡರು. ಗಾರೆ ಕೆಲಸದವನಿಗೆ ಇಟ್ಟಿಗೆ ಎಂಬ ಮಾತು. ಆ ಮಾತಿನ ಸುತ್ತ ಚರ್ಚೆ: ಇಟ್ಟಿಗೆ ಸುಡುವವರು ಯಾರು, ಅದರಿಂದ ಮನೆ ಕಟ್ಟಿದವನಿಗೆ ಮನೆ ಇದೆಯೇ? ಚರ್ಚೆಯಾದ ಮೇಲೆ ಅದೇ ಪದವನ್ನು ಬರೆದು, ಬಿಡಿಸಿ, ಹೊಸ ಪದ ಕಟ್ಟುವುದು. ಮರುವರ್ಷ ಸೈನಿಕ ಆಡಳಿತ ಬಂತು. ಅವರನ್ನು ಸೆರೆಗೆ ಹಾಕಿ, ಆಮೇಲೆ ದೇಶ ಬಿಡುವಂತೆ ಮಾಡಿತು. ಕೂಲಿಕಾರನಿಗೆ ಅಕ್ಷರ ಕಲಿಸಿದ್ದು ಅಷ್ಟು ದೊಡ್ಡ ಅಪರಾಧವಾಗಿ ಕಂಡಿತು. ಕಲ್ಯಾಣ ಕದಡಿದ ಕಥೆ ಬಲ್ಲ ನಮಗೆ ಇದರಲ್ಲಿ ಅಚ್ಚರಿಯಿಲ್ಲ.

ನಮ್ಮ ಕನ್ನಡದಲ್ಲೂ ಸುಲಭದ ದಾರಿ ಇದೆ. ಶಾಲೆಗಳಲ್ಲಿ ಈಗ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತಾರೆ. ಅಷ್ಟು ಬಂದರೆ ಅರಸ, ಅಗಸ, ಸರ, ದಸರ ಎಂದು ಬರೆಯಬಹುದು. ಅದರ ಮುಂದಿನ ಐದು ಜ, ವ, ಮ, ಬ, ನ. ಕಾಗುಣಿತ ಬೇಡ, ಒತ್ತಕ್ಷರ ಬೇಡ, ಈ ಹತ್ತೇ ಅಕ್ಷರ ಕಲಿತವಳು ‘ಬಸವ’ ಎಂದು ತನ್ನ ಕೈಯಾರೆ ಬರೆಯುತ್ತಾಳೆ. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಹೆಸರು ಮೊದಲ ಸಲ ಅವಳ ಬೆರಳಿನಿಂದ ಇಳಿಯುತ್ತದೆ. ಕಲಿಸುವವರು ಆ ದಿನ ಅವಸರ ಮಾಡಬಾರದು, ಹತ್ತು ಸಲ ಬರೆಯಬೇಕೆಂದರೆ ಬರೆಯಲಿ.

ಅಲ್ಲಿಂದ ಮುಂದೆ ಅವಳಿಗೆ ಬಾಯಿಪಾಠವಾಗಿರುವ ವಚನವನ್ನೇ ಪಾಠವಾಗಿ ಇಡಿ. ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ, ಅದರ ಮೇಲೆ ಅವಳ ಬೆರಳು. ಬಾಯಿ ಹೇಳಿದಂತೆ ಬೆರಳು ಸಾಗಲಿ. ಬಾಯಿಗೆ ಗೊತ್ತಿರುವುದರಿಂದ ಹೆದರಿಕೆ ಇರುವುದಿಲ್ಲ. ಒಂದು ಎಚ್ಚರ ಬೇಕು: ಬಾಯಿಪಾಠ ಒಪ್ಪಿಸುವುದನ್ನೇ ಓದು ಎಂದು ನಂಬಿ ಮೋಸ ಹೋಗಬಾರದು. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಎಂದು ಕೇಳಬೇಕು. ಅದನ್ನು ಗುರುತಿಸಿದರೆ ಓದು ಹುಟ್ಟಿತು. ಆಮೇಲೆ ಬಸ್ಸಿನ ಬೋರ್ಡು, ಪಡಿತರ ಚೀಟಿ, ಪಾಸ್‌ಬುಕ್ಕು, ಗುಳಿಗೆಯ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಇವೇ ಅವಳ ಪಠ್ಯ.

ಅಕ್ಷರವನ್ನು ಬದುಕಿಗೆ ಕಟ್ಟಿದಲ್ಲಿ ಏನಾಯಿತು ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 1989ರಲ್ಲಿ ಜಿಲ್ಲಾಡಳಿತ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಕೂಡಿ ಮನೆ ಮನೆ ಗಣತಿ ಮಾಡಿ, ಬೀದಿ ನಾಟಕ, ಹಾಡು ಜೊತೆಗಿಟ್ಟುಕೊಂಡು ಸಾವಿರಾರು ಸ್ವಯಂಸೇವಕರನ್ನು ಇಳಿಸಿದವು. ಮೀನುಗಾರರ ಅಂಗಳದಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ತರಗತಿ ನಡೆದವು. ವಯಸ್ಸಾದವರು ಅಕ್ಷರ ಕಾಣಿಸುವುದಿಲ್ಲ ಎಂದಾಗ ಊರವರಿಂದ ಕನ್ನಡಕ ಕೂಡಿಸಿ ತಂದುಕೊಟ್ಟರು. ಈ ಒಂದು ವಿಷಯ ನನ್ನ ಮನಸ್ಸಿನಲ್ಲಿ ಬಹಳ ನಿಂತಿದೆ. ‘ನನ್ನ ತಲೆಗೆ ಹತ್ತೂದಿಲ್ಲ’ ಎಂದು ಹೇಳುವ ಎಷ್ಟೋ ತಾಯಂದಿರ ತೊಂದರೆ ತಲೆಯಲ್ಲಿಲ್ಲ, ಕಣ್ಣಿನಲ್ಲಿದೆ. 1990ರ ಫೆಬ್ರುವರಿಯಲ್ಲಿ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು. ಮರುವರ್ಷ ಏಪ್ರಿಲ್ 18ರಂದು ಇಡೀ ಕೇರಳ ಸಾಕ್ಷರವಾಯಿತೆಂದು ಕೋಳಿಕ್ಕೋಡಿನ ಮಹಾಸಭೆಯಲ್ಲಿ ಘೋಷಿಸಿದವರು ಮಂತ್ರಿಗಳಲ್ಲ. ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಎಂಬ, ಆಗಷ್ಟೇ ಅಕ್ಷರ ಕಲಿತಿದ್ದ ತಾಯಿ.

ತಮಿಳುನಾಡಿನ ಪುದುಕ್ಕೋಟೆಯಲ್ಲಿ ಆಗ ಶೀಲಾರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದರು. ಅಲ್ಲಿನ ಅರಿವೊಳಿ ಆಂದೋಲನ ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆಗೆ ಸೈಕಲ್ ಕಲಿಸಿತು. ಅಕ್ಷರಕ್ಕೂ ಸೈಕಲ್ಲಿಗೂ ಏನು ಸಂಬಂಧ ಎಂದು ಮೊದಲು ನಕ್ಕವರಿದ್ದರು. ಗಂಡನಿಗಾಗಿ, ಅಣ್ಣನಿಗಾಗಿ ಕಾಯದೆ ತಾನೇ ಸಂತೆಗೆ, ತರಗತಿಗೆ, ದವಾಖಾನೆಗೆ ಹೋಗಿ ಬರುವಂತಾದವಳಿಗೆ ಓದುವ ಅಗತ್ಯ ದಿನವೂ ಬೀಳತೊಡಗಿತು. ಕಲ್ಲು ಕ್ವಾರಿಯಲ್ಲಿ ಕೂಲಿಗಿದ್ದ ಹೆಂಗಸರು ಗುಂಪು ಕಟ್ಟಿಕೊಂಡು ತಾವೇ ಕ್ವಾರಿ ಗುತ್ತಿಗೆ ಹಿಡಿದರು.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಕಥೆಯನ್ನಂತೂ ತಾಯಂದಿರು ಕಿವಿಗೊಟ್ಟು ಕೇಳಬೇಕು. ಸಾಕ್ಷರತಾ ತರಗತಿಯ ಪುಸ್ತಕದಲ್ಲಿ ಒಂದು ಪಾಠವಿತ್ತು: ಸಾರಾಯಿಯಿಂದ ಮನೆ ಹಾಳಾಗುವುದನ್ನು ಕಂಡ ಹೆಂಗಸರು ಒಂದಾಗಿ ಅಂಗಡಿ ಮುಚ್ಚಿಸಿದ ಕಥೆ. ಓದಿದವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು, ಇದು ನಮ್ಮ ಮನೆಯ ಕಥೆಯೇ ಅಲ್ಲವೇ ಎಂದರು, ಎದ್ದು ಹೋಗಿ ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ಜಿಲ್ಲೆಗೆಲ್ಲ ಹಬ್ಬಿತು, ಸಾರಾಯಿ ಹರಾಜು ನಿಂತಿತು, 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ಪುಸ್ತಕದ ಒಂದು ಪಾಠ ಅಷ್ಟು ದೂರ ಹೋಯಿತು. ಹೆಂಡತಿ ಓದು ಕಲಿತರೆ ಮನೆ ಕೆಡುತ್ತದೆ ಎಂದು ಹೇಳುವ ಗಂಡಸರು ಈ ಸಭೆಯಲ್ಲಿದ್ದರೆ, ಕೆಟ್ಟಿದ್ದ ಎಷ್ಟು ಮನೆಗಳು ಅಲ್ಲಿ ನೆಟ್ಟಗಾದವು ಎಂಬುದನ್ನು ಯೋಚಿಸಬೇಕು.

ಹಾಗಿದ್ದರೆ ಮೂವತ್ತೈದು ವರ್ಷಗಳ ಮೇಲೂ ನಾವೇಕೆ ಇಲ್ಲೇ ಇದ್ದೇವೆ? ಸರ್ಕಾರಗಳಿಗೆ ಶುರು ಮಾಡುವುದು ಗೊತ್ತು, ಮುಂದುವರಿಸುವುದು ಗೊತ್ತಿಲ್ಲ. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. 1988ರಲ್ಲಿ ಸಾಕ್ಷರತಾ ಮಿಷನ್ ಬಂತು. 2009ರ ಸೆಪ್ಟೆಂಬರ್ 8ರಂದು, ಹೆಣ್ಣುಮಕ್ಕಳನ್ನೇ ಮುಖ್ಯವಾಗಿಟ್ಟುಕೊಂಡು, ಸಾಕ್ಷರ ಭಾರತ ಬಂತು. ಪ್ರತಿ ಗ್ರಾಮ ಪಂಚಾಯಿತಿಗೆ ಇಬ್ಬರು ಪ್ರೇರಕರು, ತಿಂಗಳಿಗೆ ತಲಾ 2,000 ರೂಪಾಯಿ ಗೌರವಧನ. 2018ರ ಮಾರ್ಚಿನಲ್ಲಿ ಅದು ನಿಂತಿತು. ಮುಂದಿನ ದೊಡ್ಡ ಯೋಜನೆ, ಈಗ ಉಲ್ಲಾಸ್ ಎಂದು ಕರೆಯುವುದು, ಬಂದದ್ದು 2022ರಲ್ಲಿ. ನಡುವೆ ನಾಲ್ಕು ವರ್ಷ. ಆಗಷ್ಟೇ ಹೆಸರು ಬರೆಯಲು ಕಲಿತಿದ್ದ ತಾಯಿಯ ಕೈಗೆ ಆ ನಾಲ್ಕು ವರ್ಷ ಓದಲು ಏನು ಸಿಕ್ಕಿತು? ಒಂದು ಹಂಗಾಮು ಹರಗದೆ ಬಿಟ್ಟ ಹೊಲಕ್ಕೆ ಕರಿಕೆ ಹಬ್ಬುವಂತೆ ಹೊಸದಾಗಿ ಬಂದ ಅಕ್ಷರದ ಮೇಲೆ ಮರೆವು ಹಬ್ಬುತ್ತದೆ. ಪರೀಕ್ಷೆ ಬರೆಸಿ, ಪ್ರಮಾಣ ಪತ್ರ ಕೊಟ್ಟು, ಫೋಟೊ ತೆಗೆಸಿ, ಕೈಬಿಟ್ಟವರು ನಿಜದಲ್ಲಿ ಅವಳಿಗೆ ಎರಡನೆಯ ಸಲ ಮೋಸ ಮಾಡಿದರು. ಈ ಸಲ ಅವಳು ನನ್ನ ತಲೆಯೇ ದಡ್ಡ ಎಂದು ನಂಬಿಬಿಡುತ್ತಾಳೆ.

ಹಣದ ಮಾತನ್ನೂ ಆಡಬೇಕು. ಉಲ್ಲಾಸ್ ಯೋಜನೆಗೆ 2022ರಿಂದ 2027ರವರೆಗೆ ಐದು ವರ್ಷಕ್ಕೆ ಗೊತ್ತು ಮಾಡಿದ ಮೊತ್ತ 1,037.90 ಕೋಟಿ ರೂಪಾಯಿ. ಕಲಿಸಬೇಕಾದವರು ಐದು ಕೋಟಿ ಮಂದಿ. ಭಾಗಿಸಿ ನೋಡಿದರೆ ಒಬ್ಬರಿಗೆ 207 ರೂಪಾಯಿ ಚಿಲ್ಲರೆ. ಅದರಲ್ಲೇ ಪುಸ್ತಕ, ತರಬೇತಿ, ಪರೀಕ್ಷೆ, ಪ್ರಚಾರ ಎಲ್ಲ ಆಗಬೇಕು. ಕಲಿಸುವವರಿಗೆ ಸಂಬಳವಿಲ್ಲ, ಸೇವೆಯೆಂದು ಕಲಿಸಬೇಕು. ಸೇವೆಯ ಮೇಲೆ ನನಗೆ ನಂಬಿಕೆ ಇದೆ, ನಾನು ನಿಮ್ಮಲ್ಲಿ ಕೇಳಲು ಹೊರಟಿರುವುದೂ ಅದನ್ನೇ. ಆದರೆ ಪ್ರಜೆಗಳ ಸೇವಾಭಾವ ಸರ್ಕಾರದ ಜಿಪುಣತನಕ್ಕೆ ಮರೆಯಾಗಬಾರದು. ಕ್ಯೂಬಾ ಎಂಬ ಸಣ್ಣ ದೇಶ 1961ರಲ್ಲಿ ಶಾಲೆಗಳಿಗೆ ರಜೆ ಕೊಟ್ಟು ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸಿತು. ಹಗಲು ರೈತನ ಜೊತೆ ಹೊಲದಲ್ಲಿ ದುಡಿದು, ರಾತ್ರಿ ಲಾಂದ್ರದ ಬೆಳಕಿನಲ್ಲಿ ಕಲಿಸಿದರು. ವರ್ಷದೊಳಗೆ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚಿದ್ದ ನಿರಕ್ಷರತೆ ನಾಲ್ಕಕ್ಕಿಳಿಯಿತು. ಜನ ಆ ಒಂದು ವರ್ಷವನ್ನೇ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮರುವರ್ಷದಿಂದ ಅವರು ಮಾಡಿದ ಕೆಲಸ: ಕಲಿತವರನ್ನು ಬಿಡದೆ ಆರನೆಯ ತರಗತಿಯವರೆಗೆ ಕರೆದೊಯ್ಯಲು ವರ್ಷಗಟ್ಟಲೆ ತರಗತಿ ನಡೆಸಿದರು. ಕೇರಳವೂ ಹಾಗೆಯೇ ನಾಲ್ಕನೆಯ, ಏಳನೆಯ, ಹತ್ತನೆಯ ತರಗತಿಗೆ ಸಮಾನವಾದ ಕಲಿಕೆಯನ್ನು ದೊಡ್ಡವರಿಗಾಗಿ ಇಟ್ಟುಕೊಂಡಿದೆ.

ಇನ್ನೆರಡು ಮಾತು ಬೇಗ ಹೇಳುತ್ತೇನೆ. ನಮ್ಮ ತಾಂಡಾಗಳ ತಾಯಂದಿರು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಅವರಿಗೆ ಕನ್ನಡ ಲಿಪಿ ಕಲಿಸುವಾಗ ವಿವರಣೆ ಅವರ ಮಾತಿನಲ್ಲೇ ಇರಬೇಕು, ಕಲಿಸುವ ಹುಡುಗಿ ಅದೇ ತಾಂಡಾದವಳಾಗಿರಬೇಕು. ನಿಕರಾಗುವಾ ದೇಶ 1980ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಆಂದೋಲನ ನಡೆಸಿದ ಬೆನ್ನಿಗೇ ಆ ಭಾಷೆಯಾಡದ ಮಿಸ್ಕಿಟೊ ಜನರಿಗೆ ಅವರದೇ ಭಾಷೆಯಲ್ಲಿ ತರಗತಿ ತೆರೆಯಿತು. ಎರಡನೆಯದು ಗುಳೆ. ನಮ್ಮ ಜನ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋಗಿರುವ ತಿಂಗಳುಗಳಲ್ಲಿ ಊರಲ್ಲಿ ತರಗತಿ ಇಟ್ಟು ಹಾಜರಿ ಇಲ್ಲ ಎಂದರೆ ತಪ್ಪು ಅವರದಲ್ಲ. ವೇಳಾಪಟ್ಟಿಯನ್ನು ಕಚೇರಿಯಲ್ಲಿ ಕೂತು ಬರೆಯದೆ ಊರಿನ ಬಿತ್ತನೆ, ಸುಗ್ಗಿ, ಗುಳೆ ಕೇಳಿ ಬರೆಯಬೇಕು.

ಈಗ ನಮ್ಮ ಕೆಲಸ. ಮನೆಯಲ್ಲಿ ಹತ್ತನೆಯ ತರಗತಿ ಮುಟ್ಟಿದ ಮಗ, ಮಗಳು, ಸೊಸೆ ಯಾರಿದ್ದರೂ ಒಬ್ಬ ತಾಯಿಯ ಜವಾಬ್ದಾರಿ ಹೊರಲಿ. ತನ್ನ ಮನೆಯವಳೇ ಆಗಬೇಕೆಂದಿಲ್ಲ. ಅತ್ತೆಗೆ ಸೊಸೆ ಕಲಿಸುವುದು ಕೆಲವು ಮನೆಗಳಲ್ಲಿ ಕಷ್ಟ, ಪಕ್ಕದ ಮನೆಯ ಅತ್ತೆಗೆ ಕಲಿಸುವುದು ಸುಲಭ. ಮೊದಲ ದಿನ ಮಾಡಬೇಕಾದದ್ದು ಕಣ್ಣಿನ ತಪಾಸಣೆ, ಅದಕ್ಕೆ ಮಠದ ವತಿಯಿಂದ ವೈದ್ಯರನ್ನು ಕರೆಸುತ್ತೇವೆ, ಕನ್ನಡಕದ ಖರ್ಚನ್ನು ಈ ವರ್ಷದ ಜಾತ್ರೆಯ ಮದ್ದಿನ ಹಣದಿಂದ ಕೊಡುತ್ತೇವೆ. ಪಟಾಕಿ ಈ ವರ್ಷ ಬೇಡ. ಕೂರುವ ಜಾಗ ಶಾಲೆಯಾಗದಿರಲಿ. ಹಿಟ್ಟಿನ ಗಿರಣಿಯ ಕಟ್ಟೆ, ಗುಡಿಯ ಹಜಾರ, ಅಂಗನವಾಡಿ, ಹತ್ತು ಹೆಂಗಸರಿಗೆ ಎಲ್ಲಿ ಅನುಕೂಲವೋ ಅಲ್ಲಿ, ರಾತ್ರಿ ಊಟದ ನಂತರ. ಓದು, ಬರಹ, ಲೆಕ್ಕ ಗಟ್ಟಿಯಾಗಿ ನಿಲ್ಲಲು ಇನ್ನೂರು ಗಂಟೆಯಾದರೂ ಬೇಕು. ದಿನಕ್ಕೆ ಒಂದು ಗಂಟೆಯಂತೆ ಹಿಡಿದರೆ ಮುಂದಿನ ಬಸವ ಜಯಂತಿಯ ಹೊತ್ತಿಗೆ ಆಗುತ್ತದೆ. ತರಗತಿಗೆ ಬಂದ ತಾಯಿಯನ್ನು ‘ಏನ್ ಸಾಲಿ ಹುಡುಗೀ’ ಎಂದು ಯಾರೂ ಕೆಣಕಬಾರದು. ಆ ಒಂದು ಗಂಟೆ ಮನೆಯ ಗಂಡಸರು ಕೂಸು ನೋಡಿಕೊಳ್ಳಲಿ, ಪಾತ್ರೆ ತಿಕ್ಕಲಿ. ದಾಸೋಹ ಮಾಡುವವನ ತಲೆ ಬಾಗಿರುತ್ತದೆ ಎಂದು ನಾವು ಹೇಳುತ್ತೇವೆ. ಕಲಿಸುವವರೂ ಕೆಳಗೆ, ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂರಬೇಕು, ಕುರ್ಚಿ ಹಾಕಿಕೊಳ್ಳಬಾರದು.

ಸ್ತ್ರೀಶಕ್ತಿ ಸಂಘಗಳ ತಾಯಂದಿರಲ್ಲಿ ಒಂದು ವಿನಂತಿ: ನಡಾವಳಿ ಪುಸ್ತಕವನ್ನು ಒಬ್ಬರೇ ಬರೆಯುವ ರೂಢಿ ಬಿಡಿ, ಕಲಿತಂತೆ ಕಲಿತಂತೆ ಸರದಿಯ ಮೇಲೆ ಬರೆಯಿರಿ, ಸೊಟ್ಟಗಿದ್ದರೂ ಇರಲಿ. ಗ್ರಾಮಸಭೆ ನಡೆದಾಗ ಎಲ್ಲರೂ ಹೋಗಿ ಎರಡು ಬೇಡಿಕೆ ಇಡಿ. ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅದು ಸಂಜೆ ಏಳರಿಂದ ಒಂಬತ್ತರವರೆಗೆ ಹೆಣ್ಣುಮಕ್ಕಳಿಗಾಗಿ ತೆರೆದಿರಬೇಕು, ದೊಡ್ಡ ಅಕ್ಷರದ ಪುಸ್ತಕಗಳನ್ನು ತರಿಸಬೇಕು. ನಿಂತುಹೋದ ಪ್ರೇರಕರ ಹುದ್ದೆಗಳನ್ನು ಗೌರವಧನ ಕೊಟ್ಟು ಮತ್ತೆ ತುಂಬಬೇಕು. ಇದನ್ನು ಠರಾವಿನಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.

ಪ್ರಸಾದಕ್ಕೆ ಏಳುವ ಮೊದಲು ಒಂದು ಕೆಲಸ ಇದೆ. ಪಡಸಾಲೆಯಲ್ಲಿ ಎರಡು ವಹಿಗಳನ್ನು ಇಟ್ಟಿದ್ದೇವೆ. ಕಲಿಸುವವರು ಎಡಗಡೆಯದರಲ್ಲಿ ಹೆಸರು, ಮೊಬೈಲ್ ನಂಬರು, ಬಿಡುವಿನ ಹೊತ್ತು ಬರೆಯಿರಿ. ಬಲಗಡೆಯದು ಕಲಿಯುವ ತಾಯಂದಿರದು. ಪ್ರಸಾದ ನಿಲಯದ ಮಕ್ಕಳು ಪೆನ್ನು ಹಿಡಿದು ಕೂತಿದ್ದಾರೆ. ನೀವು ಹೆಸರು, ಓಣಿ ಹೇಳಿದರೆ ಸಾಕು, ಅವರು ಬರೆದುಕೊಳ್ಳುತ್ತಾರೆ. ಹೆಸರಿನ ಮುಂದೆ ಒಂದು ಸಾಲನ್ನು ಖಾಲಿ ಬಿಡಲು ಹೇಳಿದ್ದೇನೆ. ಹೆಬ್ಬೆಟ್ಟಿನ ಮಸಿಯ ಡಬ್ಬಿ ಅಲ್ಲಿ ಇಟ್ಟಿಲ್ಲ. ಆ ಸಾಲನ್ನು ಬಸವ ಜಯಂತಿಯ ದಿನ ನೀವೇ ಬಂದು ತುಂಬುತ್ತೀರಿ. ಕಣ್ಣಿನ ವೈದ್ಯರು ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿಗೇ ಬರುತ್ತಾರೆ; ಹಳೆಯ ಕನ್ನಡಕ ಇದ್ದವರು ಅದನ್ನೂ ತನ್ನಿ.